ಗಣಿಯ ಆಳದಿಂದ ಸಂಸತ್ತಿನವರೆಗೆ

ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಹುಡುಗನನ್ನು 'ಮುಂದೆ ಏನಾಗುತ್ತೀ?' ಎಂದು ಕೇಳಿ ನೋಡಿ. ಎಂಜಿನಿಯರ್ ಎನ್ನುತ್ತಾನೆ, ಇಲ್ಲವೇ ಡಾಕ್ಟರ್ ಎನ್ನುತ್ತಾನೆ. ಅಪ್ಪಿತಪ್ಪಿ 'ಮಂತ್ರಿಯಾಗುತ್ತೇನೆ' ಎಂದನೋ, ಮನೆಮಂದಿಯೆಲ್ಲ ನಗುತ್ತಾರೆ. ರಾಜಕೀಯವೆಂದರೆ ಓದು ತಲೆಗೆ ಹತ್ತದವರ ದಾರಿ ಎಂಬ ಭಾವನೆ ಅಷ್ಟು ಆಳವಾಗಿ ಬೇರೂರಿದೆ.

ಈ ಭಾವನೆಯನ್ನು ಒರೆಗೆ ಹಚ್ಚಿ ನೋಡಲು ಪ್ರೊ. ಎಂ.ಜಿ.ಕೆ. ಮೆನನ್ ಅವರ ಬದುಕು ಒಳ್ಳೆಯ ಉದಾಹರಣೆ. 1928ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಅವರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನೊಬೆಲ್ ಪುರಸ್ಕೃತ ಸೆಸಿಲ್ ಪೊವೆಲ್ ಅವರ ಕೈಕೆಳಗೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. 1955ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿದರು.

ಅವರ ಹೆಸರಿಗೂ ಕೋಲಾರದ ಚಿನ್ನದ ಗಣಿಗೂ ನಂಟಿದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾತಾವರಣಕ್ಕೆ ಬಡಿದಾಗ ನ್ಯೂಟ್ರಿನೊ ಎಂಬ ಕಣಗಳೂ ಹುಟ್ಟುತ್ತವೆ. ಇವು ಯಾವುದರೊಂದಿಗೂ ಸುಲಭವಾಗಿ ವರ್ತಿಸುವುದಿಲ್ಲ. ಇಡೀ ಭೂಮಿಯನ್ನೇ ತೂರಿಹೋಗಬಲ್ಲವು. ನೆಲದ ಮೇಲೆ ಇತರ ಕಣಗಳ ಗದ್ದಲದ ನಡುವೆ ಇವನ್ನು ಗುರುತಿಸುವುದು ಕಷ್ಟ. ಆದ್ದರಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಉಪಕರಣಗಳನ್ನಿಟ್ಟು, ಮೇಲಿನ ಬಂಡೆಯನ್ನೇ ಜರಡಿಯಂತೆ ಬಳಸಿಕೊಂಡರು. ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳ ಜೊತೆಗೂಡಿ ಮೆನನ್ ಮತ್ತವರ ಸಂಗಡಿಗರು 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವನ್ನು ಹಿಡಿದರು.

ಮರುವರ್ಷವೇ ಹೋಮಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸಂಸ್ಥೆಯ ಹೊಣೆ ಮೆನನ್ ಅವರ ಹೆಗಲಿಗೆ ಬಂದಾಗ ಅವರಿಗೆ ನಲವತ್ತೂ ತುಂಬಿರಲಿಲ್ಲ. ವಿಕ್ರಂ ಸಾರಾಭಾಯಿಯವರ ನಿಧನದ ನಂತರ 1972ರಲ್ಲಿ ಕೆಲವು ತಿಂಗಳು ಇಸ್ರೋದ ಅಧ್ಯಕ್ಷರಾಗಿದ್ದರು. ಎಲೆಕ್ಟ್ರಾನಿಕ್ಸ್ ಆಯೋಗ, ಯೋಜನಾ ಆಯೋಗ, ಪ್ರಧಾನಿಯ ವೈಜ್ಞಾನಿಕ ಸಲಹೆಗಾರನ ಹುದ್ದೆ, ಹೀಗೆ ಒಂದರ ಹಿಂದೊಂದು ಜವಾಬ್ದಾರಿ ಬಂದವು. ಕೇರಳದ ಸೈಲೆಂಟ್ ವ್ಯಾಲಿಯ ಕಾಡಿನಲ್ಲಿ ಜಲವಿದ್ಯುತ್ ಅಣೆಕಟ್ಟು ಬೇಕೆ ಬೇಡವೇ ಎಂಬ ವಿವಾದವನ್ನು ಪರಿಶೀಲಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಸಮಿತಿ 1983ರಲ್ಲಿ ವರದಿ ಕೊಟ್ಟಿತು. ಅದೇ ವರ್ಷ ಯೋಜನೆ ಕೈಬಿಡಲಾಯಿತು.

1989ರ ಡಿಸೆಂಬರಿನಲ್ಲಿ ವಿ.ಪಿ. ಸಿಂಗ್ ಪ್ರಧಾನಿಯಾದಾಗ ಮೆನನ್ ವಿಜ್ಞಾನ ಮತ್ತು ತಂತ್ರಜ್ಞಾನ ಖಾತೆಯ ರಾಜ್ಯ ಸಚಿವರಾದರು. ಶಿಕ್ಷಣದ ಹೊಣೆಯೂ ಅವರಿಗೆ ಬಂತು. 'ರಾಜ್ಯ ಸಚಿವ' ಎಂಬ ಮಾತು ಕೇಳಿ ಎಷ್ಟೋ ಮಕ್ಕಳು ಯಾವುದೋ ಒಂದು ರಾಜ್ಯದ ಮಂತ್ರಿ ಎಂದು ತಿಳಿಯುವುದುಂಟು. ಹಾಗಲ್ಲ. ಕೇಂದ್ರದಲ್ಲಿ ಸಂಪುಟ ದರ್ಜೆಯ ಸಚಿವರಿಗಿಂತ ಒಂದು ಮೆಟ್ಟಿಲು ಕೆಳಗಿನ ಸ್ಥಾನವದು. ಸಂಪುಟದ ಸಭೆಗೆ ಕರೆದರಷ್ಟೇ ಹೋಗಬೇಕು.

ಇನ್ನೊಂದು ನಿಯಮವೂ ಇದೆ. ಸಂಸತ್ತಿನ ಸದಸ್ಯನಲ್ಲದವನೂ ಮಂತ್ರಿಯಾಗಬಹುದು. ಆದರೆ ಸಂವಿಧಾನದ 75ನೆಯ ವಿಧಿಯಂತೆ ಆರು ತಿಂಗಳೊಳಗೆ ಸದಸ್ಯನಾಗದಿದ್ದರೆ ಹುದ್ದೆ ಹೋಗುತ್ತದೆ. ಮೆನನ್ 1990ರಲ್ಲಿ ರಾಜಸ್ಥಾನದಿಂದ ರಾಜ್ಯಸಭೆಗೆ ಆಯ್ಕೆಯಾದರು. ಎಷ್ಟೇ ದೊಡ್ಡ ಪಂಡಿತನಾದರೂ ಚುನಾಯಿತ ಪ್ರತಿನಿಧಿಗಳ ಒಪ್ಪಿಗೆಯಿಲ್ಲದೆ ಆಡಳಿತದಲ್ಲಿ ಉಳಿಯಲಾಗದು ಎಂಬುದೇ ಇದರ ತಿರುಳು.

ಆದರೆ ಆ ಸರ್ಕಾರ 1990ರ ನವೆಂಬರಿನಲ್ಲಿ ಲೋಕಸಭೆಯ ವಿಶ್ವಾಸ ಕಳೆದುಕೊಂಡು ಬಿತ್ತು. ಮೆನನ್ ಅವರ ಮಂತ್ರಿಗಿರಿ ಒಂದು ವರ್ಷವನ್ನೂ ಪೂರೈಸಲಿಲ್ಲ. ರಾಜ್ಯಸಭೆಯಲ್ಲಿ ಮಾತ್ರ ಅವರು 1996ರವರೆಗೆ ಇದ್ದರು.

ಹಾಗಾದರೆ ಅವರ ರಾಜಕೀಯ ವಿಫಲವಾಯಿತೇ? ಸಂಸ್ಥೆ ಕಟ್ಟಲು ಹತ್ತಾರು ವರ್ಷ ಬೇಕು. ಸರ್ಕಾರ ಉರುಳಲು ಒಂದು ಮತದಾನ ಸಾಕು. ಪ್ರಯೋಗಾಲಯದಲ್ಲಿ ಬಂದ ಫಲಿತಾಂಶದಷ್ಟು ಗಟ್ಟಿಯಾದದ್ದು ಹನ್ನೊಂದು ತಿಂಗಳ ಮಂತ್ರಿಗಿರಿಯಿಂದ ಹುಟ್ಟಲಿಲ್ಲವೆಂದರೆ ಅದು ಸತ್ಯವೇ. ಆದರೂ ಪ್ರಯೋಗಾಲಯಕ್ಕೆ ಹಣ ಎಷ್ಟು, ಯಾವ ಕಾಡು ಉಳಿಯಬೇಕು, ಶಾಲೆಯಲ್ಲಿ ಏನು ಕಲಿಸಬೇಕು ಎಂಬುದೆಲ್ಲ ತೀರ್ಮಾನವಾಗುವುದು ಸರ್ಕಾರದಲ್ಲಿ, ಸಂಸತ್ತಿನಲ್ಲಿ. ತಿಳಿದವರು ಅತ್ತ ತಲೆಹಾಕದಿದ್ದರೆ ತೀರ್ಮಾನಗಳೇನೂ ನಿಲ್ಲುವುದಿಲ್ಲ; ತಿಳಿಯದವರ ಕೈಯಿಂದ ಆಗುತ್ತವೆ, ಅಷ್ಟೆ.

ಪ್ರೊ. ಮೆನನ್ 2016ರ ನವೆಂಬರಿನಲ್ಲಿ ನಿಧನರಾದರು. ವಿಜ್ಞಾನ ಓದುವ ಮಕ್ಕಳು ಪೌರನೀತಿಯ ಪಾಠವನ್ನು ಪರೀಕ್ಷೆಗೆ ಸಾಕಾಗುವಷ್ಟೇ ಓದಿ ಬದಿಗಿಡಬಾರದು. ಹೆತ್ತವರೂ ಅಷ್ಟೆ, ಮಗಳೋ ಮಗನೋ 'ಮಂತ್ರಿಯಾಗುತ್ತೇನೆ' ಎಂದಾಗ ನಗುವ ಬದಲು, 'ಹಾಗಾದರೆ ಇನ್ನೂ ಚೆನ್ನಾಗಿ ಓದಬೇಕಲ್ಲ' ಎಂದರೆ ಸಾಕು.