ತೆಂಗಿನ ಸೀಮೆಯ ತಾಂಡದ ಮಾತು

ತಿಪಟೂರು ಬಿಟ್ಟು ಚಿಕ್ಕನಾಯಕನಹಳ್ಳಿಯ ಕಡೆಗೆ ಹೊರಟರೆ ದಾರಿಯ ಎರಡೂ ಮಗ್ಗುಲಿಗೆ ತೆಂಗಿನ ತೋಟಗಳೇ. ಇಲ್ಲಿನ ಕಾಯಿಗೆ ತಾಳ್ಮೆ ಹೆಚ್ಚು. ಅಟ್ಟ ಸೇರಿ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿ, ಅಲುಗಾಡಿಸಿದಾಗ ಗಿಟುಕು ಲೊಟಲೊಟ ಎಂದರಷ್ಟೇ ಅದು ಉಂಡೆ ಕೊಬ್ಬರಿ. ತಾಲ್ಲೂಕು ಕೇಂದ್ರವನ್ನು ದಾಟಿ ಹುಳಿಯಾರಿನತ್ತ ಹೋದಂತೆ ತೋಟಗಳು ತೆಳುವಾಗಿ, ರಾಗಿ ಹೊಲಗಳೂ ಕುರುಚಲು ಗುಡ್ಡಗಳೂ ಎದುರಾಗುತ್ತವೆ. ಅಲ್ಲಲ್ಲಿ ಲಂಬಾಣಿ ತಾಂಡಗಳಿರುವುದು ಈ ಬಯಲಲ್ಲೇ.

ಬಸ್ಸಿನಲ್ಲಿ ಸಮವಸ್ತ್ರದ ಇಬ್ಬರು ಹುಡುಗಿಯರು ತಮ್ಮತಮ್ಮಲ್ಲಿ ಒಂದು ಭಾಷೆ ಆಡುತ್ತಿದ್ದರು. ಕಂಡಕ್ಟರ್ ಬಂದಾಗ ಅಪ್ಪಟ ತುಮಕೂರು ಸೀಮೆಯ ಕನ್ನಡ. “ನಿಮ್ಮ ಭಾಷೇಲಿ ಏನಾದ್ರೂ ಬರೀತೀರೇನಮ್ಮಾ?” ಎಂದು ಕೇಳಿದೆ. “ಇಲ್ಲ ಸಾರ್, ಅದು ಬರೀ ಮಾತಾಡೋಕೆ” ಎಂದಳು ಒಬ್ಬಳು, ಕೊಂಚ ನಾಚಿಕೊಂಡು. ಆ ನಾಚಿಕೆಗೆ ಕಾರಣವೇ ಇಲ್ಲ ಎಂಬುದು ನನ್ನ ವಾದ.

ತಾಂಡದವರು ತಮ್ಮನ್ನು ‘ಗೋರ್’ ಎಂದೂ ಮಾತನ್ನು ‘ಗೋರ್ ಬೋಲಿ’ ಎಂದೂ ಕರೆದುಕೊಳ್ಳುತ್ತಾರೆ. ರಾಜಸ್ತಾನದ ಭಾಷೆಗಳಿಗೆ ಹತ್ತಿರದ ನಂಟಿರುವ ನುಡಿ ಇದು. ಅಮ್ಮ ‘ಯಾಡಿ’, ನೀರು ‘ಪಾಣಿ’, ರೊಟ್ಟಿ ‘ಬಾಟಿ’. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡೆಲ್ಲ ಸುತ್ತುತ್ತಿದ್ದ ಜನರ ಜೊತೆ ಈ ಮಾತು ದಕ್ಷಿಣಕ್ಕೆ ಬಂತು. 1791–92ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆಗೆ ಧಾನ್ಯ ಒದಗಿಸಿದವರಲ್ಲಿ ಇವರೂ ಇದ್ದರು. ಮುಂದೆ ರೈಲು, ರಸ್ತೆಗಳು ಬಂದು ಹೇರೆತ್ತಿನ ವ್ಯಾಪಾರ ಬಿತ್ತು, ಮಾತು ಉಳಿಯಿತು.

ಇದೇ ತಾಲ್ಲೂಕಿನ ತೀರ್ಥಪುರ ತೀ.ನಂ.ಶ್ರೀಕಂಠಯ್ಯನವರ (1906–1966) ಊರು. ಅವರ ‘ಕನ್ನಡ ಮಧ್ಯಮ ವ್ಯಾಕರಣ’ವನ್ನು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಓದಿದ್ದಾರೆ. ಕಾಗುಣಿತ ಕಲಿಯುವಾಗ ಮಹಾಪ್ರಾಣಗಳ ಮುಂದೆ ಗೊಣಗದ ಮಕ್ಕಳು ಕಡಿಮೆ. ನಮ್ಮ ಹಳ್ಳಿಯ ಆಡುಮಾತಿನಲ್ಲಿ ‘ದನ’ವೂ ‘ಧನ’ವೂ ಕಿವಿಗೆ ಒಂದೇ ತಾನೆ! ಆದರೆ ಗೋರ್ ಬೋಲಿಯಲ್ಲಿ ಮನೆ ‘ಘರ್’, ಕುದುರೆ ‘ಘೋಡೋ’. ಅಲ್ಲಿ ಮಹಾಪ್ರಾಣ ಕೇವಲ ಅಲಂಕಾರವಲ್ಲ, ಬಾಯಲ್ಲಿ ಬದುಕಿರುವ ದನಿ. ನಾವು ಹೆಚ್ಚಾಗಿ ಪುಸ್ತಕಕ್ಕೆಂದು ಉಳಿಸಿಕೊಂಡ ಅಕ್ಷರಗಳಿಗೆ ತಾಂಡದಲ್ಲಿ ದಿನವೂ ಕೆಲಸವಿದೆ. ಆ ಹುಡುಗಿಯರು ಶಾಲೆಯಲ್ಲಿ ಕಲಿತ ಅಕ್ಷರಮಾಲೆಯೇ ಅವರ ಮನೆಮಾತನ್ನು ಬರೆಯಲು ಸಾಕು. ಕರ್ನಾಟಕದ ಲಂಬಾಣಿ ಲೇಖಕರು ಹಾಗೆ ಬರೆದೂ ಇದ್ದಾರೆ.

ಶಾಲೆಗೆ ಸೇರಿಸುವ ಅರ್ಜಿಯಲ್ಲಿ ‘ಮಾತೃಭಾಷೆ’ ಎಂಬ ಒಂದು ಕಲಮು ಇರುತ್ತದೆ. ಅಲ್ಲಿ ಕನ್ನಡ ಎಂದು ಬರೆಸಿ ಮುಗಿಸುವ ತಾಂಡದ ತಂದೆತಾಯಿಗಳು ಉಂಟು. ಮಗು ಹಿಂದೆ ಬಿದ್ದೀತೆಂಬ ಅಂಜಿಕೆ. ಅದನ್ನು ಹಗುರವಾಗಿ ಕಾಣಲಾಗದು. ಹಾಗೆಂದು ಇದು ಬೆರಳೆಣಿಕೆಯ ಜನರ ಭಾಷೆಯಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ಮಾತೃಭಾಷೆ ಎಂದವರು ದೇಶದಲ್ಲಿ 32 ಲಕ್ಷಕ್ಕೂ ಮೇಲೆ. ವಿಚಿತ್ರವೆಂದರೆ, ಆ ಲೆಕ್ಕವೆಲ್ಲ ಹಿಂದಿಯ ಗುಂಪಿಗೆ ಸೇರಿಬಿಡುತ್ತದೆ. ಹುಳಿಯಾರಿನ ಬಸ್ಸಿನಲ್ಲಿ ಕೇಳಿದ ಮಾತು ದೆಹಲಿಯ ಪಟ್ಟಿಯಲ್ಲಿ ಹಿಂದಿ!

ದೂರದ ಆಫ್ರಿಕದಲ್ಲಿ, ಕ್ಯಾಮರೂನಿನ ದಕ್ಷಿಣದ ಕಾಡುಸೀಮೆಯಲ್ಲಿ, ಕ್ವಾಸಿಯೊ ಎಂಬ ಪುಟ್ಟ ಭಾಷೆಯಿದೆ. ಗಡಿಯಾಚೆ ಈಕ್ವಟೋರಿಯಲ್ ಗಿನಿಯಲ್ಲೂ ಅದನ್ನಾಡುವವರಿದ್ದಾರೆ. ಒಂದು ಕಡೆಯ ಶಾಲೆಯಲ್ಲಿ ಫ್ರೆಂಚ್, ಇನ್ನೊಂದು ಕಡೆ ಸ್ಪ್ಯಾನಿಷ್. ಅದಕ್ಕೂ ಸ್ವಂತ ಲಿಪಿಯಿಲ್ಲ. ಆದರೆ ಕ್ಯಾಮರೂನಿನ ವಿದ್ವಾಂಸರು 1979ರಲ್ಲಿ ಒಂದೆಡೆ ಕೂತು, ರೋಮನ್ ಅಕ್ಷರಗಳ ಜೊತೆಗೆ ಕೆಲವು ಹೊಸ ಅಕ್ಷರಗಳನ್ನೂ ದನಿಯ ಏರಿಳಿತದ ಗುರುತುಗಳನ್ನೂ ಸೇರಿಸಿ, ತಮ್ಮ ದೇಶದ ಇನ್ನೂರಕ್ಕೂ ಹೆಚ್ಚು ಭಾಷೆಗಳಿಗೆ ಒಪ್ಪುವ ಒಂದೇ ವರ್ಣಮಾಲೆ ಗೊತ್ತುಮಾಡಿದರು.

ನಮ್ಮಲ್ಲಿ ಆದದ್ದು ಅದರ ತಿರುವುಮುರುವು: ಅಲ್ಲಿ ಹಲವು ಭಾಷೆಗೆ ಒಂದು ವರ್ಣಮಾಲೆ, ಇಲ್ಲಿ ಒಂದು ಭಾಷೆಗೆ ಹಲವು ಲಿಪಿ. ಗೋರ್ ಬೋಲಿಯನ್ನು ಕರ್ನಾಟಕದಲ್ಲಿ ಕನ್ನಡದಲ್ಲೂ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲೂ, ಆಂಧ್ರ, ತೆಲಂಗಾಣಗಳಲ್ಲಿ ತೆಲುಗಿನಲ್ಲೂ ಬರೆಯುತ್ತಾರೆ. ಇಲ್ಲಿ ಅಚ್ಚಾದ ಹಾಡಿನ ಪುಸ್ತಕವನ್ನು ಸೊಲ್ಲಾಪುರದ ಕಡೆಯ ನೆಂಟನ ಕೈಗಿಟ್ಟರೆ ಅವನು ಹಾಳೆ ಮಗುಚಿ ಸುಮ್ಮನಾಗುತ್ತಾನೆ. ಪಕ್ಕದಲ್ಲಿ ಕೂತ ಶಾಲೆಯ ಹುಡುಗಿ ಗಟ್ಟಿಯಾಗಿ ಓದಿದರೆ ಅರ್ಥ ಕೇಳುವ ಪ್ರಮೇಯ ಅವನಿಗೆ ಬರುವುದಿಲ್ಲ.