ಅವ್ವನ ಸೊನ್ನೆ ಬಿಲ್ಲು

ಮಣ್ಣಿನ ಮೇಲ್ಮುದ್ದಿ ಸೋರುತ್ತದೆಂದು ಅಪ್ಪ ಮುಳಗುಂದದ ನಮ್ಮ ಮನೆಗೆ ಆರ್‌ಸಿಸಿ ಹಾಕಿಸಿದ್ದ. ಸೋರುವುದು ನಿಂತಿತು. ಆದರೆ ಬೇಸಿಗೆಯಲ್ಲಿ ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿಯಿಡೀ ಕೆಳಗೆ ಬಿಸಿ ಕಾರುತ್ತದೆ. ಬಿಪಿ ಇರುವ ಅವ್ವ ಎರಡು ಗಂಟೆಗೆಲ್ಲ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಾಳೆ.

ನಯಸೇನ 1112ರಲ್ಲಿ ‘ಧರ್ಮಾಮೃತ’ ಬರೆದ ಊರಿದು. ನನ್ನ ಪಿಎಚ್.ಡಿ.ಯೂ ಅವನ ಮೇಲೆಯೇ. ಫೆಲೋಶಿಪ್ಪಿನಲ್ಲಿ ಉಳಿಸಿದ 40,000 ಹಿಡಿದು ಗದಗಿಗೆ ಹೋದೆ. ಒಂದು ಟನ್ನಿನ ಎಸಿಗೆ 33,000. ಸ್ಟೆಬಿಲೈಜರ್, ತಾಮ್ರದ ಪೈಪು, ಸ್ಟ್ಯಾಂಡು, ಕೂಲಿ ಸೇರಿ 41,000. ಮೀಟರಿನಿಂದ ಬೇರೆ ವೈರು ಎಳೆಯಬೇಕು, ಮತ್ತೆ ಮೂರು ಸಾವಿರ. ಸಾಲ ಮಾಡಿದರಾಯಿತು ಅಂದುಕೊಂಡೆ.

“ತಮ್ಮಾ, ಇದು ತಿಂಗಳಿಗೆ ಎಷ್ಟ್ ಯುನಿಟ್ ತಿಂತೈತಿ?” ಅಂದಳು ಅವ್ವ.

ತಾಸಿಗೆ ಸುಮಾರು ಒಂದು ಯುನಿಟ್. ರಾತ್ರಿಗೆ ಎಂಟು, ತಿಂಗಳಿಗೆ 240. ನಮ್ಮ ಮನೆ ಸುಡುವುದೇ 50. 2023ರ ಆಗಸ್ಟಿನಿಂದ ಗೃಹಜ್ಯೋತಿಯಲ್ಲಿ ನಮಗೆ ಸೊನ್ನೆ ಬಿಲ್ಲು. 200 ದಾಟಿದರೆ ಪೂರ್ತಿ ಕಟ್ಟಬೇಕು, ಎರಡು ಸಾವಿರದ ಹತ್ತಿರ.

“ನೀ ಮಷಿನ್ ಕೊಡಸ್ತಿ. ಬಿಲ್ ಯಾರ್ ಕಟ್ಟೋರು?”

ಹೊಲ ಅಪ್ಪನ ಹೆಸರಿನಲ್ಲಿದೆ, ಸಾಲವೂ ಅವನದೇ. ಮೀಟರು ಮಾತ್ರ ಅವ್ವನ ಹೆಸರಿನಲ್ಲಿದೆ. ಸೊನ್ನೆ ಬಿಲ್ಲುಗಳನ್ನೆಲ್ಲ ಆಕೆ ತಂತಿಗೆ ಚುಚ್ಚಿಟ್ಟಿದ್ದಾಳೆ. ನಾನು ಬೆಲೆ ಕೇಳಿದ್ದೆ, ಆಕೆಯನ್ನು ಕೇಳಿರಲಿಲ್ಲ.

ಕೊನೆಗೆ ಸ್ಲ್ಯಾಬಿಗೆ ಎರಡು ಸಲ ಸುಣ್ಣ ಬಳಿದೆ, ಒಂದು ಕೂಲರ್ ತಂದೆ. ಒಣ ಹವೆಯಲ್ಲಿ ಅದು ತಕ್ಕಮಟ್ಟಿಗೆ ನಡೆಯುತ್ತದೆ. ಅವ್ವ ಈಗ ಎರಡರ ಬದಲು ನಾಲ್ಕಕ್ಕೆ ಏಳುತ್ತಾಳೆ. ಉಳಿದ ದುಡ್ಡು ಖಾತೆಯಲ್ಲಿದೆ. ಏಪ್ರಿಲ್ ಬಂದಾಗಲೆಲ್ಲ ಮತ್ತೆ ಲೆಕ್ಕ ಹಾಕುತ್ತೇನೆ.