ನುಗ್ಗೆಮರದ ಶಿಕ್ರಾ: ಕೆಲವು ಟಿಪ್ಪಣಿಗಳು

ಮೊದಲು ಕಂಡವರು ಯಾರು?

ಮೈಸೂರಿನ ನಮ್ಮ ಹಿತ್ತಲಿಗೆ ಶಿಕ್ರಾ ಬಂದ ಸುದ್ದಿ ನನಗೆ ಮುಟ್ಟುವುದು ಅಳಿಲಿನಿಂದ. ಅದು ಬಿಡದೆ ಚಿಕ್ ಚಿಕ್ ಎನ್ನತೊಡಗುತ್ತದೆ. ಬೇಲಿಯ ಬುಡದಲ್ಲಿ ತರಗೆಲೆ ಕೆದಕುತ್ತಿದ್ದ ಹರಟೆಮಲ್ಲಗಳು ಗಲಾಟೆ ಎಬ್ಬಿಸುತ್ತವೆ. ಅವು ಮುಖ ಮಾಡಿದ ಕಡೆಗೆ ಲೆನ್ಸ್ ತಿರುಗಿಸಿದರೆ ನುಗ್ಗೆಯ ಕೊಂಬೆಯಲ್ಲಿ ಶಿಕ್ರಾ ಕೂತಿರುತ್ತದೆ. ಗಾತ್ರದಲ್ಲಿ ಪಾರಿವಾಳದಷ್ಟೇ ಇರುವ ಗಿಡುಗ. ಬೂದು ಬೆನ್ನು, ಎದೆಯ ಮೇಲೆ ಕಂದುಗೆಂಪು ಅಡ್ಡಗೆರೆ. ಅದು ಅಲುಗದೆ ಕೂತಿರುವಾಗಲೂ ಅಳಿಲು ಸುಮ್ಮನಾಗುವುದಿಲ್ಲ. ತನ್ನವರನ್ನು ಎಚ್ಚರಿಸುತ್ತಿದೆಯೋ, ‘ನಿನ್ನನ್ನು ನೋಡಿಯಾಯಿತು’ ಎಂದು ಶಿಕ್ರಾಕ್ಕೇ ತಿಳಿಸುತ್ತಿದೆಯೋ?

ಇಬ್ಬರು ವೇಷಧಾರಿಗಳು

ಶಿಕ್ರಾದ ‘ಟಿ-ಟೂ’ ಕೂಗು ಕೇಳಿ ಕ್ಯಾಮೆರಾ ಎತ್ತಿದರೆ ತಂತಿಯ ಮೇಲೆ ಕಾಜಾಣ! ಕಾಜಾಣಗಳು ಶಿಕ್ರಾದ ದನಿ ತೆಗೆದು ಗೊರವಂಕಗಳನ್ನು ಬೆದರಿಸಿ ಅವುಗಳ ಹುಳು ಕಸಿಯುವುದನ್ನು ಪಕ್ಷಿವೀಕ್ಷಕರು ದಾಖಲಿಸಿದ್ದಾರೆ.

ಇನ್ನೊಂದು ವೇಷ ಹಾಕ್ ಕುಕ್ಕೂವಿನದು. ಕೋಗಿಲೆಯ ಬಳಗದ ಈ ಹಕ್ಕಿಗೆ ಬಣ್ಣ, ಬಾಲದ ಪಟ್ಟೆ, ಹಾರಿ ಬಂದು ಕೂರುವ ರೀತಿ ಎಲ್ಲವೂ ಶಿಕ್ರಾದ್ದೇ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಕೊಕ್ಕು ಗುಟ್ಟು ಬಿಟ್ಟುಕೊಡುತ್ತದೆ: ಮಾಂಸ ಸೀಳುವ ಕೊಕ್ಕೆ ಅಲ್ಲಿಲ್ಲ. ಇದು ಮೊಟ್ಟೆ ಇಡುವುದು ಹರಟೆಮಲ್ಲಗಳ ಗೂಡಿನಲ್ಲಿ. ಹರಟೆಮಲ್ಲಗಳು ಶಿಕ್ರಾ, ಕುಕ್ಕೂ ಎರಡನ್ನೂ ಕಂಡು ಕಿರುಚುತ್ತವೆ. ಅವು ಮೋಸ ಹೋಗಿ ಕಿರುಚುತ್ತವೆಯೋ, ಅಥವಾ ಒಂದನ್ನು ಕೊಲೆಗಾರನೆಂದೂ ಇನ್ನೊಂದನ್ನು ಗೂಡುಗಳ್ಳಿಯೆಂದೂ ಬೇರೆಬೇರೆಯಾಗಿ ಗುರುತಿಸುತ್ತವೆಯೋ? ಎರಡು ಗಲಾಟೆಗಳನ್ನೂ ಧ್ವನಿಮುದ್ರಿಸಿ ಹೋಲಿಸಬೇಕು.

ಓರೆನೋಟ

ಒಳ್ಳೆಯ ಚಿತ್ರಗಳನ್ನೆಲ್ಲ ಸಾಲಾಗಿ ಇಟ್ಟು ನೋಡಿದೆ. ತೆಂಗಿನಾಚೆಯ ದೂರವನ್ನು ನೋಡುವಾಗ ತಲೆ ಪಕ್ಕಕ್ಕೆ ತಿರುಗಿದೆ, ಒಂದೇ ಕಣ್ಣು ಕೆಲಸದಲ್ಲಿದೆ. ಕೆಳಗಿನ ಕಲ್ಲಿನ ಮೇಲೆ ಓತಿಕ್ಯಾತ ಕಂಡಾಗ ಮಾತ್ರ ಮುಖ ನೇರ, ಎರಡು ಕಣ್ಣೂ ಅದರ ಮೇಲೆ.

ಇದಕ್ಕೆ ಕಾರಣ ಕಣ್ಣಿನ ಒಳಗಿದೆ. ನಮ್ಮ ಕಣ್ಣಿನ ರೆಟಿನಾದಲ್ಲಿ ತೀಕ್ಷ್ಣ ನೋಟದ ಕುಳಿ ಒಂದೇ. ಹಗಲು ಬೇಟೆಯ ಗಿಡುಗಗಳಿಗೆ ಕಣ್ಣಿಗೆ ಎರಡೆರಡು. ಅವುಗಳಲ್ಲಿ ಹೆಚ್ಚು ಆಳವಾದದ್ದು ಕೊಕ್ಕಿನ ನೇರದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ ನೋಡುತ್ತದೆ. ದೂರದ್ದನ್ನು ಓರೆಯಾಗಿ, ಹತ್ತಿರದ್ದನ್ನು ನೇರವಾಗಿ ನೋಡುತ್ತವೆಂದು ವಿಜ್ಞಾನಿ ವ್ಯಾನ್ಸ್ ಟಕರ್ 2000ದಲ್ಲಿ ಪ್ರಕಟಿಸಿದರು. ತಲೆ ಓರೆ ಮಾಡಿ ಹಾರಿದರೆ ಗಾಳಿಯ ತಡೆ ಹೆಚ್ಚುತ್ತದೆ. ಅದಕ್ಕೇ ಡೇಗೆಗಳು ದೂರದ ಬೇಟೆಯ ಕಡೆಗೆ ಸುರುಳಿ ದಾರಿಯಲ್ಲಿ ಬರುತ್ತವೆ ಎಂಬುದೂ ಅವರ ವಿವರಣೆ. ನಮ್ಮ ಶಿಕ್ರಾಕ್ಕೆ ನುಗ್ಗೆಯಿಂದ ಕಲ್ಲಿಗೆ ನಾಲ್ಕು ಮಾರು ದೂರ, ಸುರುಳಿಯ ಅಗತ್ಯವೇ ಇಲ್ಲ. ಹಾಗಾದರೆ ಅದು ಒಂದು ಕಣ್ಣಿನ ನೋಟದಿಂದ ಎರಡು ಕಣ್ಣಿನ ನೋಟಕ್ಕೆ ಬರುವುದು ಹಾರುವ ಮೊದಲೋ, ಹಾರಿದ ಮೇಲೋ? ಸೆಕೆಂಡಿನ 2000ದಲ್ಲೊಂದು ಭಾಗದ ಶಟರ್‌ನಲ್ಲಿ ರೆಕ್ಕೆ ನಿಶ್ಚಲವಾಗಿ ಸಿಗುತ್ತದೆ, ಆದರೆ ಎಲೆಗಳ ನಡುವೆ ಫೋಕಸ್ ಹಕ್ಕಿಯನ್ನು ಬಿಟ್ಟು ಎಲೆಗೆ ಅಂಟಿಕೊಳ್ಳುತ್ತದೆ.

ಬೆಳ್ಳಗಾದ ಕಣ್ಣು

ಕೆಲವು ಚಿತ್ರಗಳಲ್ಲಿ ಕಣ್ಣಿಗೆ ಪೊರೆ ಬಂದಂತೆ ಮಬ್ಬು. ಹಕ್ಕಿಗೆ ಕಾಯಿಲೆಯೇನಲ್ಲ. ಅದು ಮೂರನೆಯ ರೆಪ್ಪೆ: ಕಣ್ಣಿಗೆ ಅಡ್ಡಲಾಗಿ ಸರಿದು, ಒರೆಸಿ, ಕ್ಷಣದಲ್ಲಿ ಮರೆಯಾಗುತ್ತದೆ. ಬರಿಗಣ್ಣಿಗೆ ಇದು ಕಾಣಿಸುವುದೇ ಅಪರೂಪ. ಇಂಥ ಚಿತ್ರಗಳನ್ನು ಅಳಿಸಬಾರದು.

ಹೆಣ್ಣೇಕೆ ದೊಡ್ಡದು?

ಜೋಡಿಯಲ್ಲಿ ಗಂಡಿನ ಕಣ್ಣು ಕೆಂಪು. ಹೆಣ್ಣಿನದು ಹಳದಿ-ಕಿತ್ತಳೆ, ಗಾತ್ರದಲ್ಲೂ ಅವಳೇ ದೊಡ್ಡವಳು. ಬೇಟೆ ಹಂಚಿಕೊಳ್ಳಲು, ಗೂಡು ಕಾಯಲು, ಚುರುಕಾದ ಗಂಡನ್ನು ಆರಿಸಿಕೊಳ್ಳಲು ಎಂದು ಹಲವು ವಿವರಣೆಗಳಿವೆ. ಯಾವುದೊಂದೂ ಎಲ್ಲರಿಗೂ ಒಪ್ಪಿಗೆಯಾಗಿಲ್ಲ. ಎರಡೂ ಒಂದೇ ಕೊಂಬೆಯಲ್ಲಿ ಕೂತ ಚಿತ್ರ ಸಿಕ್ಕರೆ ವ್ಯತ್ಯಾಸವನ್ನಾದರೂ ಅಳೆಯಬಹುದು.

ಗೂಡಿನ ವಿಚಾರ

ಬೇಸಿಗೆಗೆ ಈ ಜೋಡಿ ಎದುರಿನ ಮಾವಿನ ಮರದಲ್ಲಿ ಗೂಡಿಗೆ ಕಡ್ಡಿ ಜೋಡಿಸುತ್ತಿದೆ. ಎರಡೂ ಒಟ್ಟಿಗೆ ಕೂತ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಆದರೂ ಅಲ್ಲಿಗೆ ಕ್ಯಾಮೆರಾ ಒಯ್ಯುವುದಿಲ್ಲ. ತಾಯಿ ಬೆದರಿ ಎದ್ದರೆ ಮೊಟ್ಟೆಗೆ ಕಾಗೆ ಕಾದಿರುತ್ತದೆ. ಗೂಡು, ಮೊಟ್ಟೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯೂ ಇದೆ. ಮಾಂಸದ ತುಂಡು ತೋರಿಸಿ ಹತ್ತಿರ ಕರೆಯುವುದೂ ಬೇಡ. ಸಹಜವಾಗಿ ಹೇಗೆ ನೋಡುತ್ತದೆ, ಹೇಗೆ ಎರಗುತ್ತದೆ ಎಂಬುದೇ ನನ್ನ ಪ್ರಶ್ನೆಯಾಗಿರುವಾಗ ಆಮಿಷಕ್ಕೆ ಬಂದ ಹಕ್ಕಿಯ ಚಿತ್ರ ಉತ್ತರವಾಗದು. ಮರಿಗಳು ಹಾರಿದ ಮೇಲೆ ತಾಯಿತಂದೆ ಇಬ್ಬರೂ ಅವಕ್ಕೆ ಉಣಿಸಲು ಬಯಲಿಗೆ ಬರುತ್ತಾರೆ. ಅಳತೆಯ ಚಿತ್ರಕ್ಕೆ ಅಲ್ಲಿಯವರೆಗೆ ಕಾಯುತ್ತೇನೆ.